ಕಡಲ ನಡುವೆ ಹೊತ್ತ ಹರಕೆ

ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಬೇಲೂರಿನ ಮೊದಲ ಬಸ್ಸು ಹಿಡಿದು ನಾನೂ ನನ್ನ ಹೆಂಡತಿ ಸರೋಜಳೂ ಹೊರಟಾಗ ಸಣ್ಣಗೆ ಸೋನೆ ಹಿಡಿದಿತ್ತು. ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳು. ನನ್ನ ಹೆಗಲಲ್ಲಿ ಕ್ಯಾಮೆರಾ ಚೀಲ, ಕಂಕುಳಲ್ಲಿ ಕೊಡೆ. ಅವಳ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಸುಲಿದ ತೆಂಗಿನಕಾಯಿ ತುಂಬಿದ ಇನ್ನೊಂದು ಚೀಲ. ಸಮುದ್ರದ ಸೀಮೆಗೆ ಯಾರಾದರೂ ತೆಂಗಿನಕಾಯಿ ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಕೇಳಿದೆ. "ಮನೆಗೆ ಕರೆದಿದಾರೆ. ಬರಿಗೈಲಿ ಹೋಗಕ್ಕಾಗುತ್ತಾ?" ಎಂದಳು. ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ ದುಡ್ಡಿಲ್ಲದ ಚೀಟಿ ಹರಿದು ಕೊಟ್ಟ. ನನಗೆ ಪೂರ್ತಿ ಟಿಕೆಟ್ಟು. ಘಟ್ಟ ಇಳಿಯುವವರೆಗೂ ಬಸ್ಸಿಗೆ ದುಡ್ಡು ಕೊಟ್ಟವನು ನಾನೊಬ್ಬನೇ.

ನಾವು ಹೊರಟದ್ದು ಅಲೆಗಳ ಫೋಟೋ ತೆಗೆಯಲು. ದಡದಲ್ಲಿ ನಿಂತು ಎಲ್ಲರೂ ತೆಗೆಯುತ್ತಾರೆ. ಹಾಯಿದೋಣಿಯಲ್ಲಿ ಸಮುದ್ರದ ಒಳಗೆ ಹೋಗಿ, ಎದ್ದು ಬರುವ ದೊಡ್ಡ ಅಲೆಯನ್ನು ಎದುರಿನಿಂದಲೇ ತೆಗೆಯಬೇಕೆಂಬುದು ನನ್ನ ಹಟ. ಇದಕ್ಕೆ ಕಾರಣ ನಮ್ಮ ಸ್ಟುಡಿಯೋದ ಪರದೆ. ಅರಸೀಕೆರೆಯ ಪೇಟೆ ಬೀದಿಯಲ್ಲಿ ನಮ್ಮದು ಅಪ್ಪನ ಕಾಲದ ಫೋಟೋ ಸ್ಟುಡಿಯೋ. ಅಪ್ಪ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ ಸಮುದ್ರ ಅಲ್ಲಿ ಇಂದಿಗೂ ತೂಗುತ್ತಿದೆ. ನೀಲಿ ನೀರು, ನೊರೆಯ ಅಲೆ, ಒಂದು ಪುಟ್ಟ ಹಾಯಿದೋಣಿ, ಮೂಲೆಯಲ್ಲಿ ಚಂದ್ರ. ಗಂಡಸಿಯಿಂದ, ಬಾಣಾವರದಿಂದ ಬಂದ ಎಷ್ಟೋ ಹೊಸ ಜೋಡಿಗಳು ಅದರ ಮುಂದೆ ಕೈಕೈ ಹಿಡಿದು ನಿಂತಿದ್ದಾರೆ. ಅವರು ಸಮುದ್ರ ಕಂಡವರಲ್ಲ, ಅವರ ಫೋಟೋ ತೆಗೆದ ನಾನೂ ಐವತ್ತು ದಾಟಿದರೂ ಕಂಡವನಲ್ಲ.

ನಮ್ಮ ಕಡೆಯ ಫೋಟೋಗ್ರಾಫರುಗಳೆಲ್ಲ ಸೇರಿ ಒಂದು ಪ್ರದರ್ಶನ ಮಾಡುವುದೆಂದು ತೀರ್ಮಾನವಾಗಿತ್ತು. ವಿಷಯ ನೀರು. ಒಬ್ಬ ಹಳೇಬೀಡು ಕೆರೆ ಎಂದ, ಇನ್ನೊಬ್ಬ ಕಲ್ಯಾಣಿ ಎಂದ. ನಾನು ಮೀಸೆ ತಿರುವಿ, "ನೀವು ಕೆರೆ ಕುಂಟೆ ತಗೊಂಡು ಬನ್ನಿ. ನಾನು ಸಮುದ್ರ ತರ್ತೀನಿ, ಅದೂ ಒಳಗಿಂದ," ಎಂದುಬಿಟ್ಟೆ. ಬಾಣಾವರದ ಗಿರೀಶ ನಕ್ಕು, "ಅಣ್ಣಾ, ನಿಮ್ಮ ಪರದೆ ಫೋಟೋನೇ ತಂದ್ಬಿಟ್ಟೀರ," ಎಂದ. ಎಲ್ಲರೂ ನಕ್ಕರು. ಆ ನಗು ನನಗೆ ಚುಚ್ಚಿತು. ಅವತ್ತು ರಾತ್ರಿಯೇ ಮಲ್ಪೆಯ ಕಡೆಯ ಸದಾನಂದರಿಗೆ ಫೋನು ಮಾಡಿದೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಫೋಟೋ ಹುಚ್ಚಿನಿಂದ ವಾಟ್ಸಾಪಿನಲ್ಲಿ ಪರಿಚಯವಾದವರು. ಅವರ ಬಳಿ ಸ್ವಂತದ ಸಣ್ಣ ಹಾಯಿದೋಣಿ ಇತ್ತು. "ಬನ್ನಿ ಮಾರಾಯ್ರೆ, ಹೋಗುವ," ಎಂದರು.

ಮೀಸೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ತಲೆಯಲ್ಲಿ ಮೂವತ್ತರ ಹೊತ್ತಿಗೇ ಕೂದಲು ಉಳಿದಿರಲಿಲ್ಲ. ಅದಕ್ಕೆ ಪರಿಹಾರವೆಂಬಂತೆ ಮೀಸೆ ಬೆಳೆಸಿದೆ, ಎರಡೂ ತುದಿ ಮೇಲಕ್ಕೆ ತಿರುಗಿದ ದಪ್ಪ ಮೀಸೆ. ಸ್ಟುಡಿಯೋಗೆ ಒಂದು ಹೆಸರಿನ ಬೋರ್ಡು ಇದ್ದರೂ ಊರಿನವರು ಅದನ್ನು ಮೀಸೆಯವರ ಸ್ಟುಡಿಯೋ ಎಂದೇ ಕರೆಯುತ್ತಾರೆ. ಸರೋಜಳಿಗೆ ಮಂಡಿ ಮುಟ್ಟುವ ಕೂದಲು. ಮದುವೆಯಾದ ಹೊಸತರಲ್ಲಿ ಅವಳಿಗೆ ಮೊಗ್ಗಿನ ಜಡೆ ಹಾಕಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ ತೆಗೆದಿದ್ದೆ. ಸ್ಟುಡಿಯೋದ ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲಿ ಇಂದಿಗೂ ಅದೇ ಇದೆ. ಮದುಮಗಳನ್ನು ಕರೆತಂದವರು ಅದನ್ನು ತೋರಿಸಿ, ನಮ್ಮ ಹುಡುಗಿಗೂ ಹೀಗೇ ತೆಗೀರಿ ಎನ್ನುತ್ತಾರೆ.

ಬಾಣಾವರ, ಜಾವಗಲ್ಲು ದಾಟಿ ಹಳೇಬೀಡಿಗೆ ಬರುವಷ್ಟರಲ್ಲಿ ಬಿಸಿಲು ಬಂತು. ಸರೋಜಳ ಅಕ್ಕ ಜಯಮ್ಮನವರ ಮನೆ ಅಲ್ಲೇ, ಕೆರೆಯಿಂದ ನಾಲ್ಕು ಹೆಜ್ಜೆ. ತಿಂಡಿಗೆಂದು ಇಳಿದೆವು. ಭಾವ ದಿನಸಿ ಅಂಗಡಿ ಇಟ್ಟಿದ್ದಾರೆ. ಮುಂದಿನ ತಿಂಗಳು ಅವರ ಮಗಳ ಮದುವೆ. ಸರೋಜ ಚಿಕ್ಕಮ್ಮನಾಗಿ ಹಸೆಮಣೆಯ ಪಕ್ಕ ನಿಲ್ಲಬೇಕು, ನಾನು ಫೋಟೋ ತೆಗೆಯಬೇಕು. ಜಯಕ್ಕ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಕೊಟ್ಟು, "ಮದ್ವೆ ಕೆಲ್ಸ ಇಷ್ಟೊಂದು ಐತೆ. ಈಗ ಸಮುದ್ರಕ್ಕೆ ಹೋಗೋ ಅಂಥದ್ದು ಏನೈತೆ?" ಎಂದರು. ಸರೋಜ, "ನಾನೂ ನೋಡಿಲ್ಲ ಕಣಕ್ಕ. ಒಂದ್ಸಲ ನೋಡ್ಕಂಡ್ ಬತ್ತೀನಿ," ಎಂದಳು. ಮನೆಯಲ್ಲಿ ಬರ್ತೀನಿ ಎನ್ನುವವಳು ಅಕ್ಕನ ಮುಂದೆ ಬತ್ತೀನಿ ಎನ್ನುತ್ತಾಳೆ.

ಬೇಲೂರಿನಲ್ಲಿ ಬಸ್ಸು ಬದಲಾಯಿಸಿದೆವು. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಚಾರ್ಮಾಡಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಡ್ರೈವರು ದಾರಿಯುದ್ದಕ್ಕೂ ಹಾರನ್ನು ಹೊಡೆಯುತ್ತಲೇ ಇಳಿಸಿದ. ಪ್ರತಿ ತಿರುವಿನಲ್ಲೂ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಸರೋಜ ಕಿಟಕಿಗೆ ಮುಖ ಒತ್ತಿ ಕಣಿವೆ ನೋಡುತ್ತಿದ್ದಳು. ಈಗ ಯೋಚಿಸಿದರೆ, ಮುಂದೆ ಏನಾಗುವುದಿತ್ತೋ ಅದೆಲ್ಲ ಆ ಬಸ್ಸಿನಲ್ಲೇ ನನಗೆ ತಿಳಿಯಬೇಕಿತ್ತು. ಉಜಿರೆಯಿಂದ ಮುಂದೆ ಖಾಸಗಿ ಬಸ್ಸು. ಅಲ್ಲಿ ಅವಳೂ ಟಿಕೆಟ್ಟು ಕೊಂಡಳು. ಉಡುಪಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಸದಾನಂದರ ಮನೆ ಮಲ್ಪೆಯಿಂದ ಉತ್ತರಕ್ಕೆ, ನದಿ ಕಡಲು ಸೇರುವ ಒಂದು ಸಣ್ಣ ಊರಿನಲ್ಲಿ. ಮನೆಯ ಸುತ್ತ ತೆಂಗಿನ ಮರಗಳೇ. ಸರೋಜ ಚೀಲದಿಂದ ಕಾಯಿ ತೆಗೆದು ಕೊಟ್ಟಾಗ ನಾನು ನಾಚಿಕೆಯಿಂದ ಮುಖ ಆಚೆ ತಿರುಗಿಸಿದೆ. ಅವರ ಹೆಂಡತಿಯೋ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಘಟ್ಟದ ಮೇಲಿನ ಕಾಯಿಗೆ ತಿರುಳು ಜಾಸ್ತಿ ಅಂತೆ ಅಲ್ವಾ? ನಾಳೆಯೇ ಒಡೀತೇನೆ," ಎಂದರು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಉಪ್ಪಿನಕಾಯಿ. ಊಟ ಮಾಡುವಾಗ ಮನೆಯ ಹಿಂದಿನಿಂದ ಒಂದು ಸದ್ದು ನಿಲ್ಲದೆ ಬರುತ್ತಿತ್ತು. ಹೆದ್ದಾರಿಯ ಲಾರಿಗಳೆಂದುಕೊಂಡೆ. ಅದು ಸಮುದ್ರ.

ಬೆಳಿಗ್ಗೆ ಅದನ್ನು ನೋಡಿದೆ. ನಮ್ಮ ಪರದೆಯ ನೀಲಿ ಅಲ್ಲಿ ಎಲ್ಲಿಯೂ ಇರಲಿಲ್ಲ. ಹೊಳೆಯ ಕೆಮ್ಮಣ್ಣು ಸೇರಿದ ಬೂದು ಬಣ್ಣದ ನೀರು, ಅದರ ಮೇಲೆ ಬೂದು ಆಕಾಶ. ಸ್ವಲ್ಪ ನಿರಾಸೆಯಾಯಿತು ಎಂದರೆ ನಗಬೇಡಿ. ಸರೋಜ ಸೀರೆಯನ್ನು ಸ್ವಲ್ಪ ಎತ್ತಿ ನೀರಿನಲ್ಲಿ ನಿಂತು, ಒಂದು ಬೊಗಸೆ ತೆಗೆದು ನೆಕ್ಕಿ ನೋಡಿದಳು. "ನಿಜವಾಗ್ಲೂ ಉಪ್ಪು ಕಣ್ರೀ," ಎಂದಳು. ಅಷ್ಟಕ್ಕೇ ಅವಳಿಗೆ ಬಂದದ್ದು ಸಾರ್ಥಕವಾಗಿತ್ತು. ಆಮೇಲೆ ಸೀರೆ ಬದಲಾಯಿಸಿ ಚೂಡಿದಾರ ಹಾಕಿಕೊಂಡು ಬಂದಳು.

ದೋಣಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ನಮ್ಮ ಮೂರು ಜನಕ್ಕೆ, ಹೆಚ್ಚೆಂದರೆ ಇನ್ನೊಬ್ಬರಿಗೆ ಸಾಕಾಗುವಷ್ಟು ಮರದ ದೋಣಿ; ನಡುವೆ ಹಾಯಿಕಂಬ, ತೇಪೆ ಹಾಕಿದ ಹಾಯಿ, ಹಿಂದೆ ಸದಾನಂದರ ಕೈಯಲ್ಲಿ ಚುಕ್ಕಾಣಿ. ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುಜಾಕೆಟ್ಟು ಕಟ್ಟಿದರು. ಸರೋಜ ಜಡೆಯನ್ನು ಸುತ್ತಿ ಜಾಕೆಟ್ಟಿನೊಳಗೆ ಸೇರಿಸಿಕೊಂಡಳು. ಕ್ಯಾಮೆರಾಕ್ಕೆ ನಾನೇ ಪ್ಲಾಸ್ಟಿಕ್ಕಿನ ಹೊದಿಕೆ ಹೊಲಿಸಿದ್ದೆ. "ಹೊಳೆಬಾಯಿಯ ಹತ್ತಿರ ಅಲೆ ಏಳ್ತದೆ. ಅದರ ಮೇಲೆ ಹೋಗುದು ಬೇಡ, ಬದಿಯಲ್ಲಿ ನಿಲ್ಲುವ. ನಿಮಗೆ ಹೆದರಿಕೆ ಆದ್ರೆ ಹೇಳಿ, ತಿರುಗಿಸ್ತೇನೆ," ಎಂದರು ಸದಾನಂದರು. "ನಮಗೆಂಥ ಹೆದರಿಕೆ ಸಾರ್," ಎಂದೆ. ಮೀಸೆಯನ್ನೂ ಒಮ್ಮೆ ಮುಟ್ಟಿಕೊಂಡೆ.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಕಳೆಯಿತು. ಆದರೆ ಫೋಟೋ ಮಾತ್ರ ಸಿಗಲಿಲ್ಲ. ಕಣ್ಣಿಗೆ ಗುಡ್ಡದಂತೆ ಕಾಣುವ ಅಲೆ ಕ್ಯಾಮೆರಾದ ಪರದೆಯಲ್ಲಿ ಉತ್ತ ಹೊಲದ ಸಾಲಿನಷ್ಟೂ ಎತ್ತರವಿರುತ್ತಿರಲಿಲ್ಲ. ಅಲೆ ಬಂದಾಗ ದೋಣಿಯೂ ಅದರ ಜೊತೆಯೇ ಮೇಲೇರುತ್ತದೆ; ಮೇಲಿನಿಂದ ನೋಡಿದರೆ ಎಲ್ಲ ಚಪ್ಪಟೆ. ಎತ್ತರ ಗೊತ್ತಾಗಬೇಕಾದರೆ ದೋಣಿ ಎರಡು ಅಲೆಗಳ ನಡುವಿನ ತಗ್ಗಿಗೆ ಇಳಿದು, ಮುಂದಿನದು ತಲೆಯ ಮೇಲೆ ನಿಂತ ಗಳಿಗೆಯಲ್ಲೇ ಗುಂಡಿ ಒತ್ತಬೇಕು. ಆ ಗಳಿಗೆಯಲ್ಲೆಲ್ಲ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಕಾಶ ಬಂತು, ಹಾಯಿಯ ತುದಿ ಬಂತು, ನನ್ನದೇ ಹೆಬ್ಬೆರಳು ಬಂತು. ಆಮೇಲೆ ಬೆಳಗಿನ ಅವಲಕ್ಕಿಯೆಲ್ಲ ಕಡಲ ಪಾಲಾಯಿತು. ಸರೋಜ ಒಂದು ಕೈಯಿಂದ ನನ್ನ ಬೆಲ್ಟು ಹಿಡಿದು, ಇನ್ನೊಂದು ಕೈಯಿಂದ ಬೆನ್ನು ಸವರಿದಳು. "ತಿರುಗಿಸುದಾ?" ಎಂದರು ಸದಾನಂದರು. ಬಾಣಾವರದ ಗಿರೀಶನ ನಗು ನೆನಪಾಗಿ ಬೇಡವೆಂದೆ.

ಆಗ ಅದು ಬಂತು. ದೋಣಿ ಒಮ್ಮೆಲೇ ಕೆಳಗಿಳಿಯಿತು. ದಡವಿಲ್ಲ, ತೆಂಗಿನ ಸಾಲಿಲ್ಲ, ಸುತ್ತಲೂ ನೀರಿನ ಗೋಡೆ. ಮುಂದಿನ ಗೋಡೆಯ ತಲೆಯಲ್ಲಿ ನೊರೆ ಒಡೆಯಲು ಶುರುವಾಗಿತ್ತು. ನಾನು ಹುಡುಕಿಕೊಂಡು ಬಂದದ್ದು ಅದನ್ನೇ. ನಾನು ಮಾಡಿದ್ದೇನೆಂದರೆ, ಕ್ಯಾಮೆರಾವನ್ನು ಸರೋಜಳ ಮಡಿಲಿಗೆ ಬಿಸಾಡಿ, ಎರಡೂ ಕೈಯಿಂದ ಹಾಯಿಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ನಮ್ಮೂರ ಪಕ್ಕದ ಬೆಟ್ಟದ ದೇವರನ್ನು ಕೂಗಿದೆ: "ಅಪ್ಪಾ ಮಾಲೇಕಲ್ಲು ತಿಮ್ಮಪ್ಪಾ, ದಡ ಸೇರಿಸಪ್ಪಾ! ಇವಳ ಮುಡಿ ಕೊಡಿಸ್ತೀನಿ! ಪೂರ್ತಿ ಮುಡಿ ಕೊಡಿಸ್ತೀನಿ!"

ದೋಣಿ ಮೇಲೇರಿತು, ಒಂದಿಷ್ಟು ನೀರು ಮೈಮೇಲೆ ಬಿತ್ತು, ಮತ್ತೆ ಇಳಿಯಿತು. ಆಗಿದ್ದು ಇಷ್ಟೇ. ಕಣ್ಣು ಬಿಟ್ಟಾಗ ದಡವೂ ತೆಂಗಿನ ಸಾಲೂ ಇದ್ದಲ್ಲೇ ಇದ್ದವು. ಸದಾನಂದರು ಹಾಯಿಯ ಹಗ್ಗ ಸಡಿಲಿಸುತ್ತ, "ಕೂತ್ಕೊಳ್ಳಿ ಮಾರಾಯ್ರೆ, ಎಂತ ಆಗಲಿಲ್ಲ. ಇದು ಸಾಧಾರಣ ಅಲೆ, ದೊಡ್ಡದಲ್ಲ," ಎಂದರು. ಸಮಾಧಾನಕ್ಕೆಂದೇ ಹೇಳಿದರು, ಪಾಪ. ನಾನು ಸರೋಜಳ ಕಡೆ ನೋಡಿದೆ. ಅವಳ ಮುಖದಿಂದ ನೀರು ಇಳಿಯುತ್ತಿತ್ತು. ಕ್ಯಾಮೆರಾ ಅವಳ ಎದೆಯ ಮೇಲಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಕೂಗಿದ್ದು ದೇವರಿಗೆ ಕೇಳಿಸಿತೋ ಇಲ್ಲವೋ, ಅವಳಿಗಂತೂ ಪೂರ್ತಿ ಕೇಳಿಸಿತ್ತು.

ದಡಕ್ಕೆ ಬಂದು ಗಂಜಿ ಕುಡಿದು ಮಲಗಿದೆ. ಮಧ್ಯಾಹ್ನ ಎದ್ದಾಗ ಸರೋಜ ಜಗುಲಿಯಲ್ಲಿ ಕೂತು ಉಪ್ಪುನೀರಿಗೆ ಅಂಟಿಕೊಂಡಿದ್ದ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಒಣಗಿಸುತ್ತಿದ್ದಳು. ಏನಾದರೂ ಬೈದಿದ್ದರೆ ಹಗುರವಾಗುತ್ತಿತ್ತು. "ಎಳನೀರು ಕುಡೀತೀರಾ?" ಎಂದು ಕೇಳಿದಳು, ಅಷ್ಟೇ. ಮರುದಿನ ಸದಾನಂದರು ಇನ್ನೊಮ್ಮೆ ಹೋಗುವ ಎಂದರು. ಸ್ಟುಡಿಯೋದಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಹೊರಟುಬಿಟ್ಟೆ. ಬಸ್ ನಿಲ್ದಾಣದವರೆಗೂ ಬಂದ ಆ ಮನುಷ್ಯ ದೋಣಿಯ ಮಾತನ್ನೇ ಎತ್ತಲಿಲ್ಲ. ಅವರು ಎತ್ತದಿದ್ದದ್ದೂ ನನಗೆ ಮುಳ್ಳಾಯಿತು.

ಘಟ್ಟ ಹತ್ತುವಾಗ ಅವಳು ಮತ್ತೆ ಕಿಟಕಿಯ ಪಕ್ಕ ಕೂತಳು. ನಾನು ಮನಸ್ಸಿನಲ್ಲೇ ನನಗೆ ಸಮಜಾಯಿಷಿ ಹೇಳಿಕೊಳ್ಳುತ್ತಿದ್ದೆ: ನನ್ನ ತಲೆಯಲ್ಲಿ ಕೂದಲಿದ್ದರೆ ನನ್ನದನ್ನೇ ಹೇಳುತ್ತಿದ್ದೆ, ಇಲ್ಲದ್ದನ್ನು ದೇವರಿಗೆ ಹೇಗೆ ಕೊಡುವುದು? ಮನೆಯ ಯಜಮಾನ ಮನೆಯವರ ಪರವಾಗಿ ಹರಕೆ ಹೊರುವುದು ನಮ್ಮಲ್ಲಿ ಇದ್ದದ್ದೇ. ಮಗುವಿನ ಮುಡಿ ಹರಸಿಕೊಳ್ಳುವುದಿಲ್ಲವೇ? ಸಮಜಾಯಿಷಿಯೇನೋ ಚೆನ್ನಾಗಿಯೇ ಇತ್ತು. ಪಕ್ಕದ ಸೀಟಿನಲ್ಲಿ ಕೂತವಳಿಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಬೇಲೂರಿನ ನಿಲ್ದಾಣದಲ್ಲಿ ಅವಳು ಕೈಕಾಲು ತೊಳೆಯಲು ಹೋದಾಗ ಕ್ಯಾಮೆರಾ ತೆಗೆದು ನೋಡಿದೆ. ನಾನು ತೆಗೆದವುಗಳಲ್ಲಿ ಒಂದೂ ಕೆಲಸಕ್ಕೆ ಬಾರದು. ಕೊನೆಯಲ್ಲಿ ನಾನು ತೆಗೆಯದ ಒಂದು ಫೋಟೋ ಇತ್ತು. ಸ್ವಲ್ಪ ವಾಲಿತ್ತು, ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಅಂಚು ಬಿದ್ದಿತ್ತು. ಆದರೆ ಅಲೆ ಇತ್ತು. ಹಾಯಿಗಿಂತ ಎತ್ತರಕ್ಕೆ ಎದ್ದು, ತಲೆ ಬಾಗಿಸಿ, ಈಗ ಬಿದ್ದೇನು ಆಗ ಬಿದ್ದೇನು ಎಂದು ನಿಂತ ಅಲೆ. ಅದರ ಕೆಳಗೆ, ಕಂಬವನ್ನು ತಬ್ಬಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ಅಗಲಕ್ಕೆ ತೆರೆದು ನಾನು. ಇವಳ ಮುಡಿ ಎನ್ನುತ್ತಿದ್ದ ಬಾಯಿಯೇ ಅದು.

ನಾನು ಅಳಿಸುವ ಗುಂಡಿ ಒತ್ತಿದೆ. ಅಳಿಸಲೇ ಬೇಡವೇ ಎಂದು ಕ್ಯಾಮೆರಾ ಕೇಳಿತು. ಅಷ್ಟರಲ್ಲಿ ಪಕ್ಕದಲ್ಲಿ ಸರೋಜಳ ದನಿ: "ಯಾಕ್ರೀ ಅಳಿಸ್ತೀರಾ? ಅಲೆ ಚೆನ್ನಾಗಿ ಬಂದಿದೆಯಲ್ಲ." ಕೈಯಿಂದ ಕ್ಯಾಮೆರಾ ತೆಗೆದುಕೊಂಡು ತನ್ನ ಚೀಲದಲ್ಲಿ ಹಾಕಿಕೊಂಡಳು. ಕಾಯಿ ಖಾಲಿಯಾಗಿದ್ದ ಚೀಲ ಅದು. ಕಡಲಿನಲ್ಲಿ ಆದದ್ದು ಭಯ. ಬೇಲೂರಿನಲ್ಲಿ ನಾನು ಮಾಡಹೊರಟದ್ದು ಯೋಚಿಸಿ ಮಾಡಿದ ಕೆಲಸ. ಎರಡರಲ್ಲಿ ಇದೇ ಹೆಚ್ಚು ನಾಚಿಕೆಯದು.

ಹಳೇಬೀಡಿನಲ್ಲಿ ರಾತ್ರಿ ಉಳಿಯಲೇಬೇಕೆಂದು ಜಯಕ್ಕ ಹಟ ಹಿಡಿದರು. ಊಟಕ್ಕೆ ಕೂತಾಗ, "ಹೆಂಗಿತ್ತೇ ಸಮುದ್ರ?" ಎಂದರು. "ಚೆನ್ನಾಗಿತ್ತು ಕಣಕ್ಕ," ಎಂದಳು ಸರೋಜ. ಬೇರೇನೂ ಹೇಳಲಿಲ್ಲ. ಅವಳು ನನ್ನ ಮಾನ ಕಾಯುತ್ತಿದ್ದಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಭಕ್ತನಂತೆ ಕಾಣಿಸೋಣವೆಂಬ ಬುದ್ಧಿ ಎಲ್ಲಿಂದ ಬಂತೋ, "ಅಲೆ ಸ್ವಲ್ಪ ಜೋರಿತ್ತು ಅಕ್ಕಾ. ಮಾಲೇಕಲ್ಲು ತಿಮ್ಮಪ್ಪನಿಗೆ ಮುಡಿ ಹರಸ್ಕೊಂಡೆ," ಎಂದೆ.

ಜಯಕ್ಕ ನನ್ನ ತಲೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಅಯ್ಯೋ, ನಿಮ್ಮ ತಲೇಲಿ ದೇವ್ರಿಗೆ ಕೊಡೋಕೆ ಏನೈತೆ?" ಎಂದರು. ನಗುತ್ತ ನಗುತ್ತ ತಂಗಿಯ ಮುಖ ನೋಡಿದರು. ನಗು ನಿಂತಿತು. "ಇವಳ್ದಾ?"

ಭಾವ ಸಾರಿಗೆ ಕೈ ಚಾಚಿದವರು ಹಾಗೇ ಹಿಂದಕ್ಕೆ ತೆಗೆದರು.

"ಅಂದ್ಮೇಲೆ ಕೊಡ್ಲೇಬೇಕು ಕಣೇ," ಎಂದರು ಜಯಕ್ಕ ಕೊನೆಗೆ. "ದೇವ್ರಿಗೆ ಹೇಳಿದ್ದು ಬಾಕಿ ಇಟ್ಕಂಡು ಚಪ್ಪರದ ಕೆಳಗೆ ನಿಲ್ಬಾರ್ದು. ಹುಡ್ಗಿ ಮದ್ವೆ. ನಾಳೆ ಏನಾರ ಆದ್ರೆ ಜನ ಅದನ್ನೇ ಹೇಳ್ತಾರೆ, ನಾನೂ ಅದನ್ನೇ ಅಂದ್ಕತೀನಿ. ಆದ್ರೆ ತಲೆ ಬೋಳಿಸ್ಕಂಡು ನೀನು ಆರತಿ ತಟ್ಟೆ ಹಿಡ್ಕಂಡು ನಿಂತ್ರೆ ನಾನು ಹೆಂಗೆ ನೋಡ್ಲಿ?" ಎಂದು ಕಣ್ಣೊರೆಸಿಕೊಂಡರು. ನನ್ನ ಎಲೆಯ ಮುದ್ದೆ ಹಾಗೇ ಆರಿ ಗಟ್ಟಿಯಾಯಿತು. ಸರೋಜ ಮಾತ್ರ ಪೂರ್ತಿ ಊಟ ಮಾಡಿದಳು.

ಬೆಳಿಗ್ಗೆ ಎದ್ದು ಕೆರೆಯ ಏರಿಗೆ ಹೋದಳು. ಕ್ಯಾಮೆರಾ ಅವಳ ಹೆಗಲಲ್ಲಿತ್ತು. ನಾನು ಹಿಂದೆ ಹೋದೆ. ಗಾಳಿಗೆ ಕೆರೆಯ ನೀರು ಸಣ್ಣಗೆ ಸುಕ್ಕಾಗಿ ಬಂದು ಕಲ್ಲುಗಳಿಗೆ ತಾಗುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಿದ್ದಳು. "ನನಗೂ ಭಯ ಆಯ್ತು ಕಣ್ರೀ," ಎಂದಳು. "ಸತ್ತೇ ಹೋಗ್ತೀವಿ ಅಂದ್ಕೊಂಡೆ. ಇದಕ್ಕೋಸ್ಕರ ಅಷ್ಟು ದೂರ ಬಂದ್ರಲ್ಲ, ಇದೊಂದಾದ್ರೂ ಇರ್ಲಿ ಅಂತ ಒತ್ತಿದೆ."

"ತಪ್ಪಾಯ್ತು ಕಣೇ," ಎಂದೆ. "ನನ್ನ ತಲೇಲಿ ಕೂದಲಿದ್ದಿದ್ರೆ..." ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಸಮಜಾಯಿಷಿಯನ್ನು ಕೊನೆಗೂ ತೆಗೆದೆ.

ಅವಳು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ತುಂಬ ನನ್ನ ಮುಖ. ತಲೆಯ ಮೇಲೆ ಅಷ್ಟು ದೊಡ್ಡ ಅಲೆ ನಿಂತಿದ್ದರೂ ಎರಡೂ ತುದಿ ಮೇಲಕ್ಕೇ ಇದ್ದವು.

"ಇದಿತ್ತಲ್ರೀ," ಎಂದಳು. "ಮೀಸೆ. ಅಷ್ಟು ಭಯದಲ್ಲೂ ನಿಮಗೆ ಇದು ನೆನಪಾಗ್ಲಿಲ್ಲ. ನನ್ನ ಜಡೆ ನೆನಪಾಯ್ತು."

ಸಿಟ್ಟಿನಿಂದ ಹೇಳಲಿಲ್ಲ. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ನನ್ನ ಸಮಜಾಯಿಷಿ ಅಲ್ಲೇ ಸತ್ತಿತು. ಕೂದಲಿಲ್ಲದ್ದರಿಂದ ಅವಳದನ್ನು ಹೇಳಿದೆ ಎಂದು ನಾನು ನಂಬಿಕೊಂಡಿದ್ದೆ. ನನ್ನದು ಎಂಬುದು ನನ್ನ ಮುಖದ ಮೇಲೇ ಇತ್ತು. ಅದನ್ನು ಕೊಡುವ ಮನಸ್ಸು ಸಾಯುವ ಹೊತ್ತಿನಲ್ಲೂ ಬರಲಿಲ್ಲ. ಅವಳದ್ದನ್ನು ಎತ್ತಿ ಕೊಡಲು ಒಂದು ಕ್ಷಣವೂ ಬೇಕಾಗಲಿಲ್ಲ. ಏರಿಯ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಸ್ಕೂಟರಿನವನು ಗುರುತು ಹಿಡಿದು, "ಚೆನ್ನಾಗಿದೀರಾ ಸಾರ್?" ಎಂದ. ತಲೆ ಎತ್ತಲಾಗಲಿಲ್ಲ.

ಅವತ್ತೇ ಅರಸೀಕೆರೆಗೆ ಬಂದು, ಮನೆಗೆ ಹೋಗದೆ ನೇರ ಮಾಲೇಕಲ್ಲಿಗೆ ಆಟೋ ಹಿಡಿದೆವು. ಬೆಟ್ಟದ ಬುಡದಲ್ಲಿ ಮುಡಿ ತೆಗೆಯುವವನ ಮುಂದೆ ಕೂತೆ. ಅವನು ನನ್ನ ತಲೆ ನೋಡಿದ. "ಏನ್ ತೆಗೀಲಿ ಸಾಮಿ?"

"ಮೀಸೆ."

"ಬರೀ ಮೀಸೇನಾ? ಚೆನ್ನಾಗೈತಲ್ಲ, ಇರ್ಲಿ ಬಿಡಿ."

"ತೆಗಿಯಪ್ಪ."

ತಣ್ಣೀರು ಸವರಿ ನಾಲ್ಕು ಸಲ ಕತ್ತಿ ಎಳೆದ. ಇಷ್ಟು ವರ್ಷದ್ದು ಅಷ್ಟರಲ್ಲಿ ಮುಗಿಯಿತು. ಮೇಲ್ದುಟಿಗೆ ಗಾಳಿ ತಾಗಿ ಬತ್ತಲೆ ನಿಂತ ಹಾಗಾಯಿತು. ಸರೋಜ ನನ್ನ ಮುಖ ನೋಡಿದಳು. ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ಕಡಲಿನಿಂದ ಈಚೆಗೆ ಅವಳು ನಕ್ಕದ್ದು ಅದೇ ಮೊದಲು. ಮುಡಿ ತೆಗೆಯುವವನು ಕತ್ತಿ ಒರೆಸುತ್ತ, "ಅಮ್ಮಾರ್ದು? ಬೇಕಾರೆ ಬರೀ ಮೂರು ಕತ್ರಿ ಹಾಕ್ತೀನಿ, ಹೆಂಗಸ್ರು ಹಂಗೇ ಕೊಡ್ತಾರೆ," ಎಂದ. ನಾನು ಅವಳ ಜಡೆ ನೋಡಿದೆ. "ತಡೀಪ್ಪ," ಎಂದಳು ಸರೋಜ. "ಮೊದ್ಲು ಮೇಲೆ ಹೋಗಿ ಬರ್ತೀನಿ. ಮಾತಾಡೋದಿದೆ."

ಮೆಟ್ಟಿಲು ಹತ್ತಿದೆವು. ನಾನು ಅಲ್ಲಲ್ಲಿ ಕೂತೆ, ಅವಳು ಕೂರಲಿಲ್ಲ. ಗರ್ಭಗುಡಿಯ ಮುಂದೆ ಅವಳು ಕೈ ಮುಗಿದು ತುಂಬ ಹೊತ್ತು ನಿಂತಳು. ತುಟಿ ಆಡುತ್ತಿತ್ತು. ಅರ್ಚಕರು ತೀರ್ಥ ಹಿಡಿದು ಕಾದರು. ಅವಳೇನು ಹೇಳುತ್ತಿದ್ದಾಳೋ ತಿಳಿಯದೆ ನಾನು ಹಿಂದೆ ಕಂಬದ ಪಕ್ಕ ನಿಂತಿದ್ದೆ. ಕೊಟ್ಟುಬಿಡುತ್ತೇನೆ ಎಂದು ಬಂದರೆ ಬೇಡವೆನ್ನುವ ಹಕ್ಕು ನನಗಿರಲಿಲ್ಲ. ಆದ್ದರಿಂದಲೇ ಹೆದರಿಕೆ ಹೆಚ್ಚಾಗಿತ್ತು. ಹೊರಗೆ ಬಂದು ಬಂಡೆಯ ಮೇಲೆ ಕೂತ ಮೇಲೆ ಕೇಳಿದೆ, "ಏನು ಕೇಳ್ಕೊಂಡೆ?"

"ಕೇಳ್ಕೊಳ್ಲಿಲ್ಲ, ಹೇಳ್ದೆ. ಇವರು ಅಂದಿದ್ದು ಇವರ ಮಾತು, ನನ್ನ ಒಂದು ಮಾತೂ ಕೇಳಿರ್ಲಿಲ್ಲ ಅಂದೆ. ಇವರದ್ದನ್ನ ಇವರು ಕೊಟ್ಟಿದ್ದಾರೆ, ಲೆಕ್ಕ ಅಲ್ಲಿಗೆ ಸರಿ ಮಾಡ್ಕೋ ಅಂದೆ. ನನಗೆ ಕೊಡಬೇಕು ಅನ್ನಿಸಿದ ದಿನ ನಾನೇ ಬಂದು ಕೊಡ್ತೀನಿ ಅಂದೆ."

"ಒಪ್ತಾನಾ?"

"ಒಪ್ಪದೇ ಏನು? ಅವನಿಗೂ ಹೆಂಡ್ತಿ ಇದಾಳೆ."

ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ಜಯಕ್ಕನ ಫೋನು ಬಂತು, ಕೊಟ್ಟಾಯಿತಾ ಎಂದು. "ಕೊಟ್ಟಾಯ್ತು ಕಣಕ್ಕ, ಮೀಸೆ," ಎಂದಳು. ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು.

ಸಂಜೆ ಸ್ಟುಡಿಯೋದ ಬಾಗಿಲು ತೆಗೆದೆವು. ಸರೋಜ ಒಳಗೆ ಹೋದವಳೇ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟು ತೆಗೆದಳು, ಸಮುದ್ರದ ಪರದೆಯ ಪಕ್ಕ ಗೋಡೆಗೆ ಕ್ಲಿಪ್ಪು ಹಾಕಿ ತೂಗುಬಿಟ್ಟಳು. ಪ್ರದರ್ಶನಕ್ಕೆ ಕಳಿಸೋಣವೇ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಪರದೆಯ ಹಿಂದೆ ಕೂತು ಯಾರದೋ ಪಾಸ್‌ಪೋರ್ಟ್ ಫೋಟೋಗಳನ್ನು ಕಟರಿನಲ್ಲಿ ಕತ್ತರಿಸತೊಡಗಿದಳು. ಕಟಕ್, ಕಟಕ್ ಎಂದು ಸದ್ದು ಬರುತ್ತಿತ್ತು.

ಗಂಡಸಿಯಿಂದ ಯಾರೋ ಹೊಸಬರು ಫೋಟೋ ತೆಗೆಸಿಕೊಳ್ಳಲು ಬಂದರು. ತಲೆ ಬಾಚಿಕೊಳ್ಳುತ್ತ ಗೋಡೆಯ ಕಡೆ ನೋಡಿ ಬಾಚಣಿಗೆ ನಿಲ್ಲಿಸಿದರು. "ಅಬ್ಬಬ್ಬಾ, ಏನ್ ಅಲೆ ಕಣ್ರೀ ಇದು! ಅದ್ಯಾರು, ಕಂಬ ತಬ್ಕಂಡು ಬಾಯ್ ಬಡ್ಕತಾ ಇರೋದು?" ಎಂದು ಕೇಳಿದರು. ನನ್ನ ಮುಖವನ್ನೂ ನೋಡಿದರು, ಗುರುತು ಸಿಗಲಿಲ್ಲ. ಮೀಸೆ ಇಲ್ಲದ ನನ್ನನ್ನು ಯಾರೂ ಗುರುತಿಸುವಂತಿರಲಿಲ್ಲ.

ಯಾರೋ ಮಲ್ಪೆ ಕಡೆಯವರು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಒಳಗೆ ಕಟರಿನ ಸದ್ದು ನಿಂತಿತು.

"ನಾನು," ಎಂದೆ.

"ನೀವಾ? ಇವರಿಗೆ ಮೀಸೆ ಐತಲ್ಲ?"

"ಇತ್ತು."

"ಮತ್ತೆ ಇದ ತೆಗ್ದೋರು ಯಾರು?"

"ನನ್ನ ಹೆಂಡತಿ. ನಾನು ಹೆದರಿಕೊಂಡು ಇವಳ ಮುಡಿ ಕೊಡ್ತೀನಿ ಅಂತ ದೇವರಿಗೆ ಕೂಗ್ತಾ ಇದ್ದೆ. ಆಗ ಅವಳು ತೆಗೆದಳು," ಎಂದೆ.

ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ಕಟರಿನ ಸದ್ದು ಮತ್ತೆ ಶುರುವಾಯಿತು. ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖ ಸ್ವಲ್ಪ ಮೇಲೆತ್ತಿ ಎಂದೆ.